ಹರಡಿನ ಕಾವಲು: ಕಚ್ಚಾ ದಾರಿಯ ಬೈಕ್ ಸವಾರರ ಬೂಟಿನ ಕುರಿತು ಒಂದು ಸಂವಾದ

ಒಬ್ಬರು: ಡಾಂಬರು ರಸ್ತೆಯನ್ನು ಬಿಟ್ಟು ಕಲ್ಲು, ಕೆಸರು, ಮರಳು, ಹಳ್ಳಗಳ ಮೇಲೆ ಮೋಟಾರ್‌ಸೈಕಲ್ ಓಡಿಸುವುದಕ್ಕೆ ಆಫ್‌ರೋಡ್ ಸವಾರಿ ಎಂದು ಹೆಸರು. ಈ ಸವಾರಿಗೆ ಇಳಿಯುವ ಅನೇಕರು ಮೊದಲು ಹೆಲ್ಮೆಟ್, ಆಮೇಲೆ ಜಾಕೆಟ್, ಕೈಗವಸು, ಮೊಣಕಾಲಿನ ಕವಚ ಎಂಬ ಕ್ರಮದಲ್ಲಿ ಹಣ ಖರ್ಚು ಮಾಡಿ, ಬೂಟಿನ ಸರದಿ ಬರುವ ಹೊತ್ತಿಗೆ ಕೈ ಬರಿದಾಗಿ, ಮನೆಯಲ್ಲಿರುವ ಚಾರಣದ ಶೂ ಅಥವಾ ಕಾರ್ಖಾನೆಯ ಸೇಫ್ಟಿ ಶೂ ಸಾಕೆಂದು ತೀರ್ಮಾನಿಸುತ್ತಾರೆ. ಕಾಡುದಾರಿಯಲ್ಲಿ ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರಿಗಿಂತ ವೇಗವಾಗಿ ಹೋಗುವುದೇ ಅಪರೂಪವಾದಾಗ, ಅಷ್ಟು ದೊಡ್ಡ ಬೂಟು ಏಕೆ ಬೇಕು ಎಂಬ ಅವರ ಪ್ರಶ್ನೆಯಲ್ಲಿ ಹುರುಳಿಲ್ಲವೇ?

ಇನ್ನೊಬ್ಬರು: ಪ್ರಶ್ನೆ ಸಹಜವಾದದ್ದು, ಆದರೆ ಅದು ಅಪಾಯವನ್ನು ವೇಗದಿಂದ ಅಳೆಯುತ್ತದೆ, ಕಚ್ಚಾ ದಾರಿಯಲ್ಲಿ ಕಾಲಿಗೆ ಒದಗುವ ಅಪಾಯದ ಬಹುಪಾಲು ತೂಕದಿಂದ ಬರುವಂಥದ್ದು. ಹೆದ್ದಾರಿಯಲ್ಲಿ ಬಿದ್ದ ಸವಾರ ಸಾಮಾನ್ಯವಾಗಿ ಬೈಕಿನಿಂದ ಬೇರ್ಪಟ್ಟು ರಸ್ತೆಯ ಮೇಲೆ ಜಾರುತ್ತಾನೆ, ಹಾಗಾಗಿ ಅಲ್ಲಿ ಮುಖ್ಯ ಶತ್ರು ಉಜ್ಜಾಟ. ಕಲ್ಲುದಾರಿಯಲ್ಲಿ ಬೀಳುವವನು ಬೈಕಿನ ಜೊತೆಯಲ್ಲೇ, ಹಲವು ಸಲ ಅದರ ಅಡಿಯಲ್ಲೇ ಬೀಳುತ್ತಾನೆ. ಹೀರೋ ಎಕ್ಸ್‌ಪಲ್ಸ್ 200 ಬೈಕಿನ ತೂಕ ಸುಮಾರು 155ರಿಂದ 160 ಕಿಲೋ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ತೂಕ ಇಂಧನ ಸಹಿತ 196 ಕಿಲೋ. ಇಷ್ಟು ಭಾರ ನಿಂತಲ್ಲಿಂದಲೇ ವಾಲಿ ಒಂದು ಬಂಡೆಗೂ ಫುಟ್‌ಪೆಗ್‌ಗೂ ನಡುವೆ ಪಾದವನ್ನು ಸಿಕ್ಕಿಸಿಕೊಂಡರೆ, ಆ ಕ್ಷಣದಲ್ಲಿ ಸ್ಪೀಡೋಮೀಟರ್ ಸೊನ್ನೆ ತೋರಿಸುತ್ತಿದ್ದರೂ ಮೂಳೆಗೆ ಅದರಿಂದ ರಿಯಾಯಿತಿ ಸಿಗುವುದಿಲ್ಲ. ಫುಟ್‌ಪೆಗ್ ಎಂದರೆ ಸವಾರ ಕಾಲಿಡುವ ಲೋಹದ ಮೆಟ್ಟು. ಆಫ್‌ರೋಡ್ ಬೈಕುಗಳಲ್ಲಿ ಕೆಸರಿನಲ್ಲೂ ಹಿಡಿತ ತಪ್ಪದಂತೆ ಅದಕ್ಕೆ ಗರಗಸದಂಥ ಹಲ್ಲುಗಳಿರುತ್ತವೆ.

ಒಬ್ಬರು: ಕಾಲು ಸಿಕ್ಕಿಕೊಳ್ಳುವುದು ಒಂದು ಬಗೆ. ಬೇರೆ ಬಗೆಗಳೂ ಇವೆಯೇ?

ಇನ್ನೊಬ್ಬರು: ಇವೆ, ಮತ್ತು ಬೂಟಿನ ಆಯ್ಕೆಗೆ ಅವೇ ಹೆಚ್ಚು ಮುಖ್ಯ. ಬೈಕು ಮುಂದಕ್ಕೆ ಸಾಗುತ್ತಿರುವಾಗ ಆಯ ತಪ್ಪಿದ ಸವಾರ ಯೋಚಿಸುವ ಮೊದಲೇ ಕಾಲನ್ನು ನೆಲಕ್ಕೆ ಊರುತ್ತಾನೆ. ಪಾದ ಒಂದು ಕಲ್ಲಿನ ಸಂದಿಯಲ್ಲೋ ಚಕ್ರದ ಜಾಡಿನಲ್ಲೋ ನಿಂತುಬಿಡುತ್ತದೆ, ದೇಹ ಮತ್ತು ಬೈಕು ನಿಲ್ಲುವುದಿಲ್ಲ. ಆಗ ನಡುವಿನ ಕೀಲು ತಿರುಚಿಕೊಳ್ಳುತ್ತದೆ. ಆ ಕೀಲೇ ಹರಡು, ಅಂದರೆ ಕಣಕಾಲಿನ ಎರಡು ಮೂಳೆಗಳು ಪಾದದೊಡನೆ ಕೂಡುವ ಜಾಗ. ಕಣಕಾಲಿನ ದೊಡ್ಡ ಮೂಳೆ ಟಿಬಿಯಾ ಮತ್ತು ಸಣ್ಣ ಮೂಳೆ ಫಿಬ್ಯುಲಾ ಎರಡೂ ಸೇರಿ ಮೇಲಿನಿಂದ ಮತ್ತು ಅಕ್ಕಪಕ್ಕದಿಂದ ಟೇಲಸ್ ಎಂಬ ಒಂದು ಮೂಳೆಯನ್ನು ಅಪ್ಪಿ ಹಿಡಿದಿರುತ್ತವೆ. ದೇಹದ ಭಾರವನ್ನೆಲ್ಲ ಪಾದಕ್ಕೆ ದಾಟಿಸುವ ಈ ಟೇಲಸ್‌ಗೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ, ಅದರ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಮೃದ್ವಸ್ಥಿಯಿಂದ ಮುಚ್ಚಿದೆ. ಹಾಗಾಗಿ ರಕ್ತನಾಳಗಳು ಒಳಹೋಗಲು ಅಲ್ಲಿ ಜಾಗವೇ ಕಡಿಮೆ. ಮುರಿದ ಟೇಲಸ್ ನಿಧಾನವಾಗಿ ಕೂಡುವುದಕ್ಕೂ, ಕೆಲವೊಮ್ಮೆ ರಕ್ತವಿಲ್ಲದೆ ಅದರ ಒಂದು ಭಾಗ ಸತ್ತೇ ಹೋಗುವುದಕ್ಕೂ ಇದೇ ಕಾರಣ.

ಈ ಮುರಿತದ ಚರಿತ್ರೆಯೂ ಗಮನಾರ್ಹವಾಗಿದೆ. ಮೊದಲ ಮಹಾಯುದ್ಧದ ವಿಮಾನಗಳು ನೆಲಕ್ಕಪ್ಪಳಿಸಿದಾಗ, ದಿಕ್ಕು ಬದಲಿಸುವ ಅಡ್ಡಪಟ್ಟಿಯ ಮೇಲೆ ಪಾದವೂರಿ ಕುಳಿತಿದ್ದ ಚಾಲಕರ ಟೇಲಸ್ ಮುರಿಯುತ್ತಿದ್ದುದನ್ನು ಬ್ರಿಟಿಷ್ ವೈದ್ಯರು ಗುರುತಿಸಿ, 1919ರಲ್ಲಿ ಅದಕ್ಕೆ ವೈಮಾನಿಕರ ಟೇಲಸ್ ಎಂಬರ್ಥದ ಹೆಸರನ್ನೇ ಕೊಟ್ಟರು. ಪಾದದ ಮಧ್ಯಭಾಗದ ಕೀಲುಗಳು ಕಳಚುವ ಇನ್ನೊಂದು ಗಾಯಕ್ಕೆ ನೆಪೋಲಿಯನ್ ಕಾಲದ ಫ್ರೆಂಚ್ ಶಸ್ತ್ರವೈದ್ಯ ಜಾಕ್ ಲಿಸ್‌ಫ್ರಾಂಕ್ ಅವರ ಹೆಸರಿದೆ. ರಿಕಾಪಿನಲ್ಲಿ ಪಾದ ಸಿಕ್ಕಿಕೊಂಡು ಕುದುರೆಯಿಂದ ಉರುಳಿದ ಸೈನಿಕರಿಗೆ ಆಗುತ್ತಿದ್ದ ಗಾಯವೆಂದು ಅದನ್ನು ವೈದ್ಯಗ್ರಂಥಗಳು ವಿವರಿಸುತ್ತವೆ. ಅಡ್ಡಪಟ್ಟಿ, ರಿಕಾಪು, ಫುಟ್‌ಪೆಗ್ ಈ ಮೂರರಲ್ಲೂ ಪಾದದ ನಡುಭಾಗ ಒಂದು ಲೋಹದ ತುಂಡಿನ ಮೇಲೆ ನಿಂತಿರುತ್ತದೆ, ಅಪಘಾತದ ಹೊತ್ತಿನಲ್ಲಿ ದೇಹದ ಭಾರ ಆ ತುಂಡಿನ ಸುತ್ತ ಪಾದವನ್ನು ಮಡಚುತ್ತದೆ.

ಒಬ್ಬರು: ಹಾಗಿದ್ದರೆ ಕಾರ್ಖಾನೆಯ ಸೇಫ್ಟಿ ಶೂವನ್ನು ಏಕೆ ಅಲ್ಲಗಳೆಯಬೇಕು? ಅದಕ್ಕೆ ಉಕ್ಕಿನ ಟೊಪ್ಪಿಗೆ ಇದೆ, ಭಾರತೀಯ ಮಾನಕದ ಮುದ್ರೆಯೂ ಇದೆ, ಬೆಲೆಯೂ ಕೈಗೆಟುಕುತ್ತದೆ.

ಇನ್ನೊಬ್ಬರು: ಆ ಶೂ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತದೆ. ಐಎಸ್ 15298 ಮಾನಕದ ಎರಡನೆಯ ಭಾಗಕ್ಕೆ ಒಪ್ಪುವ ಸೇಫ್ಟಿ ಶೂವಿನ ಮುಂತುದಿ 200 ಜೂಲ್ ಶಕ್ತಿಯ ಹೊಡೆತವನ್ನು ತಾಳಬೇಕು, ಅಂದರೆ 20 ಕಿಲೋ ತೂಕದ ವಸ್ತು ಸುಮಾರು ಒಂದು ಮೀಟರ್ ಎತ್ತರದಿಂದ ಬೆರಳುಗಳ ಮೇಲೆ ಬಿದ್ದರೂ ಅವು ಜಜ್ಜಿಹೋಗಬಾರದು. ಆದರೆ ಆ ಮಾನಕದ ಲೋಕ ಬೆರಳುಗಳಿಗೆ ಮೇಲಿನಿಂದ ಬೀಳುವ ವಸ್ತುವಿನ ಲೋಕ. ಹರಡನ್ನು ಪಕ್ಕಕ್ಕೆ ತಿರುಚುವ ಬಲದ ಎದುರು ಆ ಶೂವಿನಲ್ಲಿ ಏನೂ ಇಲ್ಲ, ಕಣಕಾಲಿಗಂತೂ ಹೊದಿಕೆಯೇ ಇಲ್ಲ. ಚಾರಣದ ಶೂವಿಗೂ ಇದೇ ಕೊರತೆ. ಅದರ ಲೇಸು ಗೇರ್ ಲಿವರ್‌ಗೋ ಫುಟ್‌ಪೆಗ್‌ಗೋ ಸಿಕ್ಕಿ, ಕಾಲೂರಬೇಕಾದ ಗಳಿಗೆಯಲ್ಲಿ ಕಾಲನ್ನೇ ಕಟ್ಟಿಹಾಕುವುದು ಅದಕ್ಕೆ ಸೇರುವ ಇನ್ನೊಂದು ದೋಷ. ಮಲೆನಾಡಿನಲ್ಲಿ ಕೆಲವರು ತೊಡುವ ಗಮ್‌ಬೂಟು ನೀರು ತಡೆಯುತ್ತದೆ ಎಂಬುದನ್ನು ಬಿಟ್ಟರೆ ಈ ಚರ್ಚೆಗೆ ಅದರಿಂದ ಪ್ರಯೋಜನವಿಲ್ಲ.

ಒಬ್ಬರು: ಮೋಟಾರ್‌ಸೈಕಲ್ ಬೂಟುಗಳಿಗೆ ಐರೋಪ್ಯ ಮಾನಕವೊಂದಿದೆಯಲ್ಲ? ಅದರ ಮುದ್ರೆಯಿರುವ ಬೂಟನ್ನು ಕೊಂಡರೆ ಈ ವಿಚಾರ ಅಲ್ಲಿಗೇ ಮುಗಿಯಬೇಕು.

ಇನ್ನೊಬ್ಬರು: ಇದೆ, ಅದರ ಸಂಖ್ಯೆ ಇಎನ್ 13634. ಮೊದಲು 2002ರಲ್ಲಿ ಬಂದು, ಬಳಿಕ ಪರಿಷ್ಕರಣೆಗೊಳ್ಳುತ್ತ 2017ರ ರೂಪ ತಳೆದ ಈ ಮಾನಕದ ಪ್ರಕಾರ ಬೂಟಿನ ಒಳಪಟ್ಟಿಯಲ್ಲಿ ಬೈಕ್ ಸವಾರನ ಚಿಕ್ಕ ಚಿತ್ರವೂ ಅದರ ಕೆಳಗೆ ನಾಲ್ಕು ಅಂಕಿಗಳೂ ಇರುತ್ತವೆ. ಪ್ರತಿಯೊಂದು ಅಂಕಿಯೂ 1 ಅಥವಾ 2. ಮೊದಲನೆಯದು ಬೂಟಿನ ಎತ್ತರದ ದರ್ಜೆಯನ್ನು ಹೇಳುತ್ತದೆ. ಎರಡನೆಯದು ಉಜ್ಜುಸವೆತವನ್ನು, ಅಂದರೆ ಓಡುವ ಮರಳುಕಾಗದದ ಪಟ್ಟಿಗೆ ಒತ್ತಿದಾಗ ಬೂಟಿನ ಹೊದಿಕೆ ಎಷ್ಟು ಹೊತ್ತು ತೂತಾಗದೆ ಉಳಿಯುತ್ತದೆ ಎಂಬುದನ್ನು. ಹೆಚ್ಚು ಹೊಡೆತ ಬೀಳುವ ಭಾಗದಲ್ಲಿ ಒಂದನೆಯ ದರ್ಜೆಗೆ 5 ಸೆಕೆಂಡು, ಎರಡನೆಯದಕ್ಕೆ 12 ಸೆಕೆಂಡು. ಮೂರನೆಯದು ಬೀಳುವ ಚೂರಿಯ ಕೊಯ್ತಕ್ಕೆ ಒಡ್ಡುವ ಪ್ರತಿರೋಧ. ನಾಲ್ಕನೆಯದು ಅಡ್ಡಬಿಗಿತ: ಬೂಟನ್ನು ಎರಡೂ ಪಕ್ಕಗಳಿಂದ ಅಗಲಕ್ಕೆ ಒತ್ತಿದಾಗ ಅದು ಎಷ್ಟು ಬಲದವರೆಗೆ ಕುಸಿಯದೆ ನಿಲ್ಲುತ್ತದೆ ಎಂಬ ಲೆಕ್ಕ. ಒಂದನೆಯ ದರ್ಜೆಗೆ 1 ಕಿಲೋನ್ಯೂಟನ್, ಅಂದರೆ ಸುಮಾರು 100 ಕಿಲೋ ಭಾರದಷ್ಟು ಒತ್ತಡ, ಎರಡನೆಯದಕ್ಕೆ 1.5 ಕಿಲೋನ್ಯೂಟನ್. ಬೈಕಿನ ಅಡಿಯಲ್ಲಿ ಪಾದ ಸಿಕ್ಕಿಕೊಳ್ಳುವ ಸಂದರ್ಭಕ್ಕೆ ಈ ನಾಲ್ಕನೆಯ ಅಂಕಿಯೇ ಹತ್ತಿರವಾದದ್ದು, ಆದ್ದರಿಂದ ಕಚ್ಚಾ ದಾರಿಯ ಸವಾರ ಬೇರೆ ಯಾವ ಅಂಕಿಯಲ್ಲಿ ರಾಜಿ ಮಾಡಿಕೊಂಡರೂ ಇದರಲ್ಲಿ 2 ಇರುವಂತೆ ನೋಡಿಕೊಳ್ಳಬೇಕು. ಅಂಕಿಗಳ ಜೊತೆಗೆ ಕೆಲವು ಐಚ್ಛಿಕ ಅಕ್ಷರಗಳೂ ಇರಬಹುದು: ಹರಡಿಗೆ ಹೊಡೆತ ತಡೆಯುವ ಮೆತ್ತೆ ಪರೀಕ್ಷೆಗೊಳಗಾಗಿದ್ದರೆ ಐಪಿಎ, ಕಣಕಾಲಿನ ಮುಂಭಾಗಕ್ಕಾದರೆ ಐಪಿಎಸ್, ನೀರು ತಡೆಯುವಂಥದ್ದಾದರೆ ಡಬ್ಲ್ಯುಆರ್.

ಇಷ್ಟೆಲ್ಲ ಇದ್ದೂ ಈ ಮಾನಕದಲ್ಲಿ ಒಂದು ದೊಡ್ಡ ಖಾಲಿ ಜಾಗವಿದೆ. ಹರಡು ತಿರುಚುವುದನ್ನು, ಪಾದ ಮಿತಿಮೀರಿ ಮೇಲಕ್ಕೋ ಹಿಂದಕ್ಕೋ ಮಡಚುವುದನ್ನು ಬೂಟು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬ ಪರೀಕ್ಷೆಯೇ ಅದರಲ್ಲಿ ಇಲ್ಲ. ಎತ್ತರವಾದ, ದಪ್ಪ ಚರ್ಮದ, ಆದರೆ ಹರಡಿನ ಬಳಿ ಬಟ್ಟೆಯ ಹಾಗೆ ಬಳುಕುವ, ಹೆದ್ದಾರಿ ಸವಾರಿಯ ಪ್ರವಾಸಿ ಬೂಟೂ ನಾಲ್ಕು ಅಂಕಿಗಳಲ್ಲೂ 2 ಗಳಿಸಬಹುದು. ಮಣ್ಣಿನ ಅಂಕಣದ ಸ್ಪರ್ಧೆಗೆಂದು ಮಾಡಿದ, ಗಟ್ಟಿ ಚೌಕಟ್ಟಿನ ಮೋಟೋಕ್ರಾಸ್ ಬೂಟೂ ಅದೇ ಅಂಕಿಗಳನ್ನು ಗಳಿಸಬಹುದು. ಪಟ್ಟಿಯನ್ನು ಮಾತ್ರ ಓದಿ ಕೊಳ್ಳುವವನಿಗೆ ಎರಡರ ನಡುವಿನ ಅಂತರ ಕಾಣುವುದೇ ಇಲ್ಲ, ಆದರೆ ಕಲ್ಲಿನ ಸಂದಿಯಲ್ಲಿ ಕಾಲೂರಿದ ದಿನ ಆ ಅಂತರವೇ ಎಲ್ಲವೂ ಆಗುತ್ತದೆ. ಮುದ್ರೆ ಬೇಕು, ಮುದ್ರೆಯಿಲ್ಲದ ಬೂಟನ್ನು ಮೋಟಾರ್‌ಸೈಕಲ್ ಬೂಟೆಂದು ಮಾರುವವರ ಮಾತನ್ನು ನಂಬಬಾರದು. ಆದರೆ ತಿರುಚುವಿಕೆಯ ಪರೀಕ್ಷೆಯನ್ನು ಕೊಳ್ಳುವವನೇ ಕೈಯಾರೆ ಮಾಡಬೇಕು.

ಒಬ್ಬರು: ಅದನ್ನು ಅಂಗಡಿಯಲ್ಲಿ ನಿಂತು ಮಾಡುವುದು ಹೇಗೆ?

ಇನ್ನೊಬ್ಬರು: ಒಂದು ಕೈಯಲ್ಲಿ ಹಿಮ್ಮಡಿಯನ್ನೂ ಇನ್ನೊಂದರಲ್ಲಿ ಬೂಟಿನ ಮೇಲಂಚನ್ನೂ ಹಿಡಿದು, ಒದ್ದೆ ಬಟ್ಟೆ ಹಿಂಡುವವರ ಹಾಗೆ ತಿರುಗಿಸಬೇಕು. ಸಲೀಸಾಗಿ ತಿರುಗುವ ಬೂಟು ಹರಡನ್ನು ಕಾಯಲಾರದು. ಬಳಿಕ ಮೇಲಂಚನ್ನು ಎಡಕ್ಕೂ ಬಲಕ್ಕೂ ಬಗ್ಗಿಸಿ ನೋಡಬೇಕು, ಅಲ್ಲಿಯೂ ಬಗ್ಗಬಾರದು. ಮುಂದಕ್ಕೆ ಮಾತ್ರ ಬೂಟು ಬಿಗಿಯಾಗಿಯಾದರೂ ಮಡಚಬೇಕು, ಏಕೆಂದರೆ ನಿಂತು ಸವಾರಿ ಮಾಡುವಾಗ ಮೊಣಕಾಲು ಮುಂದಕ್ಕೆ ಬಾಗದೆ ಗತ್ಯಂತರವಿಲ್ಲ. ಈ ಎರಡು ಅಗತ್ಯಗಳನ್ನು, ಅಂದರೆ ಒಂದು ದಿಕ್ಕಿಗೆ ಬಿಡುವು ಉಳಿದ ದಿಕ್ಕುಗಳಿಗೆ ತಡೆ ಎಂಬುದನ್ನು, ಒಟ್ಟಿಗೆ ಪೂರೈಸಲೆಂದೇ ಉತ್ತಮ ಬೂಟುಗಳಲ್ಲಿ ಹರಡಿನ ಎರಡೂ ಪಕ್ಕಕ್ಕೆ ತಿರುಗಣಿ, ಅಂದರೆ ಹಿಂಜ್ ಇರುತ್ತದೆ. ಮೇಲಿನ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟೂ ಕೆಳಗಿನ ಪಾದದ ಚೌಕಟ್ಟೂ ಆ ತಿರುಗಣಿಯಲ್ಲಿ ಕೂಡಿ ಹಿಂದಕ್ಕೂ ಮುಂದಕ್ಕೂ ಮಾತ್ರ ಚಲಿಸುತ್ತವೆ. ಒಳ್ಳೆಯ ವಿನ್ಯಾಸದಲ್ಲಿ ಆ ಚಲನೆಗೂ ಎರಡೂ ಕೊನೆಗಳಲ್ಲಿ ಒಂದು ಅಡ್ಡಿಯಿರುತ್ತದೆ, ಹಾಗಾಗಿ ಎತ್ತರದಿಂದ ಬೈಕಿನೊಡನೆ ಇಳಿದಾಗ ಪಾದ ಮಿತಿಮೀರಿ ಮಡಚಿ ಟೇಲಸ್ ಮೇಲೆ ಒತ್ತಡ ಬೀಳುವುದು ತಪ್ಪುತ್ತದೆ. ಕೆಲವು ತಯಾರಕರು ಹೊರಬೂಟಿನ ಒಳಗೆ ಬಿಚ್ಚಿ ತೆಗೆಯಬಹುದಾದ ಇನ್ನೊಂದು ಒಳಬೂಟನ್ನಿಟ್ಟು ಹರಡಿನ ಆಧಾರವನ್ನು ಅದಕ್ಕೆ ಜೋಡಿಸುತ್ತಾರೆ. ಇಟಲಿಯ ಆಲ್ಪೈನ್‌ಸ್ಟಾರ್ಸ್ ಸಂಸ್ಥೆಯ ಟೆಕ್ 10 ಈ ಬಗೆಯದು.

ಒಬ್ಬರು: ಇಂಥ ಬಿಗಿತದ ಮೇಲೆ ಒಂದು ಗಂಭೀರ ಆಕ್ಷೇಪವಿದೆ. ಹರಡನ್ನು ಕಟ್ಟಿಹಾಕಿದರೆ ತಿರುಚುವ ಬಲ ಮಾಯವಾಗುವುದಿಲ್ಲ, ಮೇಲಕ್ಕೇರಿ ಮೊಣಕಾಲನ್ನು ಮುರಿಯುತ್ತದೆ ಎನ್ನುವವರಿದ್ದಾರೆ. ಹಿಮಜಾರಾಟದ ಬೂಟುಗಳು ಎತ್ತರವೂ ಗಟ್ಟಿಯೂ ಆದ ಮೇಲೆ ಹರಡಿನ ಗಾಯಗಳು ತಗ್ಗಿ ಮೊಣಕಾಲಿನ ಅಸ್ಥಿರಜ್ಜುಗಳ ಗಾಯಗಳು ಎದ್ದು ಕಂಡವು ಎಂಬುದು ಅವರ ನಿದರ್ಶನ.

ಇನ್ನೊಬ್ಬರು: ಆಕ್ಷೇಪದಲ್ಲಿ ಸತ್ಯಾಂಶವಿದೆ, ಅದನ್ನು ತಳ್ಳಿಹಾಕಬಾರದು. ಎಲುಬಿಗೆ ಎಲುಬನ್ನು ಕಟ್ಟುವ ಗಟ್ಟಿ ನಾರುಗಳಾದ ಅಸ್ಥಿರಜ್ಜುಗಳು ಮೊಣಕಾಲಿನಲ್ಲಿ ಹರಿದರೆ ಆಗುವ ನೋವೂ ಖರ್ಚೂ ಸಣ್ಣದಲ್ಲ. ಆದರೆ ಹಿಮಜಾರಾಟದಲ್ಲಿ ಬೂಟಿಗೆ ಒಂದೂವರೆ ಮೀಟರಿಗಿಂತ ಉದ್ದದ ಹಲಗೆಯೊಂದು ಅಂಟಿಕೊಂಡಿರುತ್ತದೆ, ಆ ಹಲಗೆಯೇ ಸನ್ನೆಕೋಲಾಗಿ ಮೊಣಕಾಲನ್ನು ತಿರುಗಿಸುತ್ತದೆ. ಬೈಕ್ ಸವಾರನ ಪಾದಕ್ಕೆ ಅಂಥ ಸನ್ನೆಯಿಲ್ಲ. ಮೇಲಾಗಿ ಬೂಟಿನ ಕೆಲಸ ತಿರುಚುವಿಕೆಯನ್ನು ತಡೆಯುವುದಷ್ಟೇ ಅಲ್ಲ; ಜಜ್ಜುವ ಭಾರ, ಚಿಮ್ಮುವ ಕಲ್ಲು, ಎಂಜಿನ್ನಿನ ಬಿಸಿ, ಫುಟ್‌ಪೆಗ್‌ನ ಹಲ್ಲು ಇವೆಲ್ಲ ನೇರವಾಗಿ ಕೆಳಗಾಲಿಗೇ ಬರುವ ಅಪಾಯಗಳು, ಅವು ಮೊಣಕಾಲಿಗೆ ವರ್ಗವಾಗುವುದಿಲ್ಲ. ಆಕ್ಷೇಪದಿಂದ ಕಲಿಯಬೇಕಾದದ್ದು ಇಷ್ಟು: ಪೂರ್ತಿ ಗಟ್ಟಿಯಾದ ಸ್ಪರ್ಧಾ ಬೂಟನ್ನು ಆರಿಸಿಕೊಂಡವನು ಮೊಣಕಾಲಿಗೂ ಹೊಡೆತ ತಡೆಯುವ ಚಿಪ್ಪಿನ ಬದಲು ತಿರುಚುವಿಕೆಯನ್ನು ಮಿತಿಗೊಳಿಸುವ ಕೀಲುಕವಚ, ಅಂದರೆ ನೀ ಬ್ರೇಸ್ ತೊಡುವುದನ್ನು ಆಲೋಚಿಸಬೇಕು, ಮತ್ತು ಬೂಟು ಕೊಳ್ಳುವಾಗ ಆ ಕವಚ ತೊಟ್ಟೇ ಅಳತೆ ನೋಡಬೇಕು.

ಒಬ್ಬರು: ಎಲ್ಲರೂ ಸ್ಪರ್ಧಿಗಳಲ್ಲ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಹೊರಟು, ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರ್ ಸಾಗಿ, ಸಕಲೇಶಪುರದ ಕಡೆಯ ತೋಟದ ದಾರಿಗಳಲ್ಲಿ ಒಂದಿಷ್ಟು ಹೊತ್ತು ಓಡಾಡಿ ಬರುವವರಿಗೆ ಮೋಟೋಕ್ರಾಸ್ ಬೂಟಿನಲ್ಲಿ ನಡೆಯುವುದೂ ಕಷ್ಟ, ಗೇರ್ ಬದಲಿಸುವುದೂ ಕಷ್ಟ.

ಇನ್ನೊಬ್ಬರು: ಅದಕ್ಕಾಗಿಯೇ ಬೂಟುಗಳಲ್ಲಿ ಬೇರೆ ಬೇರೆ ಕುಲಗಳಿವೆ. ಮೋಟೋಕ್ರಾಸ್ ಬೂಟು, ಅಂದರೆ ಮುಚ್ಚಿದ ಮಣ್ಣಿನ ಅಂಕಣದಲ್ಲಿ ಹಾರಿ ಇಳಿಯುವ ಸ್ಪರ್ಧೆಗೆಂದು ಮಾಡಿದ್ದು, ಜೋಡಿಗೆ ನಾಲ್ಕು ಕಿಲೋ ಆಸುಪಾಸು ತೂಗುತ್ತದೆ. ಅದರ ಅಟ್ಟೆ ಬಹುತೇಕ ನುಣುಪಾಗಿರುತ್ತದೆ, ಏಕೆಂದರೆ ತಿರುವಿನಲ್ಲಿ ಊರಿದ ಪಾದ ಮಣ್ಣಿಗೆ ಕಚ್ಚಿಕೊಳ್ಳದೆ ಜಾರಬೇಕು. ಎಂಡ್ಯೂರೋ, ಅಂದರೆ ಕಾಡು ಬೆಟ್ಟಗಳಲ್ಲಿ ಹಲವು ಗಂಟೆ ನಡೆಯುವ ಸಹನೆಯ ಸವಾರಿ; ಅದರ ಬೂಟಿಗೆ ಬಿಗಿತ ಸುಮಾರಾಗಿ ಅಷ್ಟೇ ಇದ್ದು, ಬಿದ್ದ ಬೈಕನ್ನು ಏರಿನಲ್ಲಿ ತಳ್ಳಬೇಕಾಗುವ ಕಾರಣ ಅಟ್ಟೆಯಲ್ಲಿ ಗಡ್ಡೆಗಡ್ಡೆಯಾದ ಹಿಡಿತವಿರುತ್ತದೆ. ಇವೆರಡಕ್ಕೂ ಪ್ರವಾಸಿ ಬೂಟಿಗೂ ನಡುವೆ ಅಡ್ವೆಂಚರ್ ಬೂಟು ನಿಂತಿದೆ: ಎತ್ತರ ಸ್ವಲ್ಪ ಕಡಿಮೆ, ನಡೆಯಲು ಆಗುವಷ್ಟು ಮೆದು, ನೀರು ತಡೆಯುವ ಪೊರೆ. ಈ ಮೂರನೆಯ ಕುಲದೊಳಗೇ ಅಪಾರ ವ್ಯತ್ಯಾಸವಿದೆ. ಆಲ್ಪೈನ್‌ಸ್ಟಾರ್ಸ್‌ನ ಟೂಕನ್ ಹರಡಿನಲ್ಲಿ ತಿರುಗಣಿಯುಳ್ಳ ಗಟ್ಟಿ ಬೂಟಾದರೆ, ಅಡ್ವೆಂಚರ್ ಎಂಬ ಹೆಸರಿನಡಿಯೇ ಮಾರಾಟವಾಗುವ ಬೇರೆ ತಯಾರಕರ ಕೆಲವು ಬೂಟುಗಳು ವೇಷ ಮಾತ್ರ ಬದಲಿಸಿದ ಪ್ರವಾಸಿ ಬೂಟುಗಳು. ಸಕಲೇಶಪುರಕ್ಕೆ ಹೋಗಿಬರುವವನಿಗೆ ತಿರುಗಣಿಯುಳ್ಳ ಅಡ್ವೆಂಚರ್ ಬೂಟು ನ್ಯಾಯವಾದ ಆಯ್ಕೆ. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದ ಬೆಂಗಳೂರಿನ ಸಿ. ಎಸ್. ಸಂತೋಷ್ ಕೋಲಾರದ ಬಳಿ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್‌ನಂಥ ಕಡೆ ತರಬೇತಿಗೆಂದು ಪದೇಪದೇ ಹೋಗುವವನು ಮೋಟೋಕ್ರಾಸ್ ಅಥವಾ ಎಂಡ್ಯೂರೋ ಬೂಟಿಗಿಂತ ಕಡಿಮೆಯದಕ್ಕೆ ಒಪ್ಪಬಾರದು, ಏಕೆಂದರೆ ಕಲಿಯುವವನು ಬಲ್ಲವನಿಗಿಂತ ಹೆಚ್ಚು ಸಲ ಬೀಳುತ್ತಾನೆ.

ಗೇರ್ ಬದಲಿಸುವ ಕಷ್ಟ ನಿಜವಾದದ್ದು, ಆದರೆ ಬಹುಮಟ್ಟಿಗೆ ಲಿವರಿನದು. ಸಾಮಾನ್ಯ ಶೂವಿನ ದಪ್ಪಕ್ಕೆ ಹೊಂದಿಸಿದ ಗೇರ್ ಲಿವರನ್ನು ಕೊಂಚ ಮೇಲಕ್ಕೂ ಹಿಂದಿನ ಬ್ರೇಕಿನ ಪೆಡಲನ್ನು ಬೂಟಿನ ಅಟ್ಟೆಗೆ ತಕ್ಕಂತೆಯೂ ಹೊಂದಿಸಿದರೆ, ಕೆಲವು ದಿನಗಳ ಅಭ್ಯಾಸದಲ್ಲಿ ಪಾದ ಹೊಸ ದಪ್ಪವನ್ನು ಕಲಿತುಕೊಳ್ಳುತ್ತದೆ. ಹೊಸ ಬೂಟಿನಲ್ಲಿ ನೇರವಾಗಿ ದೂರದ ಸವಾರಿಗೆ ಹೊರಡಬಾರದು, ಅಷ್ಟೇ.

ಒಬ್ಬರು: ನೀರು ತಡೆಯುವ ಪೊರೆಯ ಮಾತು ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಓಡಾಡುವವರಿಗೆ ಅದೇ ಮೊದಲ ಅಗತ್ಯವಲ್ಲವೇ?

ಇನ್ನೊಬ್ಬರು: ಮಳೆಗೆ ಹೌದು, ಹಳ್ಳಕ್ಕೆ ಅಲ್ಲ. ಪೊರೆ ಹೊರಗಿನ ನೀರನ್ನು ಒಳಬಿಡದೆ ಒಳಗಿನ ಬೆವರಿನ ಆವಿಯನ್ನು ಹೊರಬಿಡುತ್ತದೆ, ಆದರೆ ಹೊಳೆ ದಾಟುವಾಗ ಮೇಲಂಚಿನಿಂದ ಒಮ್ಮೆ ನೀರು ತುಂಬಿತೆಂದರೆ ಆ ಪೊರೆಯೇ ನೀರನ್ನು ಹೊರಹೋಗದಂತೆ ತಡೆಯುತ್ತದೆ. ಪೊರೆಯಿಲ್ಲದ ಮೋಟೋಕ್ರಾಸ್ ಬೂಟು ಬೇಗ ಒದ್ದೆಯಾದರೂ ಬೇಗ ಬಸಿಯುತ್ತದೆ. ಹೊಳೆ ಹಳ್ಳಗಳೇ ದಾರಿಯಾದ ಕಡೆ ಪೊರೆಯಿಲ್ಲದ ಬೂಟು, ಒಳಗೆ ಉದ್ದನೆಯ ಜಲನಿರೋಧಕ ಕಾಲುಚೀಲ, ಬೂಟಿನ ಹೊರಗೆ ಇಳಿಬೀಳುವ ಪ್ಯಾಂಟು ಇವುಗಳ ಜೋಡಿ ಹೆಚ್ಚು ಭರವಸೆಯದು. ಇಂಬಳಗಳ ಕಾಲದಲ್ಲಿ ಎತ್ತರದ ಬೂಟಿನ ಬಿಗಿ ಮೇಲಂಚಿನಿಂದ ಸಿಗುವ ಲಾಭವನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ತೇವ ಮಾಡುವ ದೊಡ್ಡ ಹಾನಿ ಬೇರೆಯೇ ಇದೆ, ಅದರ ಬಗ್ಗೆ ಅಂಗಡಿಗಳಲ್ಲಿ ಯಾರೂ ಎಚ್ಚರಿಸುವುದಿಲ್ಲ. ಅನೇಕ ಬೂಟುಗಳ ಅಟ್ಟೆಯಲ್ಲಿ, ವಿಶೇಷವಾಗಿ ಮೆತ್ತನೆಯ ನಡುಪದರದಲ್ಲಿ, ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಇರುತ್ತದೆ. ಗಾಳಿಯ ತೇವಾಂಶ ವರ್ಷಗಳ ಕಾಲ ಅದರ ಅಣುಸರಪಳಿಗಳನ್ನು ಕತ್ತರಿಸುತ್ತಾ ಬರುತ್ತದೆ. ಈ ಕ್ರಿಯೆಗೆ ಜಲವಿಚ್ಛೇದನೆ ಎಂದು ಹೆಸರು. ಪೆಟ್ಟಿಗೆಯಲ್ಲಿ ಬಳಸದೆ ಇಟ್ಟ ಬೂಟೂ ಇದಕ್ಕೆ ಹೊರತಲ್ಲ, ಅಷ್ಟೇ ಅಲ್ಲ, ಮುಚ್ಚಿಟ್ಟ ತೇವದಲ್ಲಿ ಅದು ಇನ್ನೂ ಬೇಗ ಹಾಳಾಗುತ್ತದೆ, ಮತ್ತು ಒಂದು ದಿನ ಫುಟ್‌ಪೆಗ್ ಮೇಲೆ ನಿಂತಾಗ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ವಾಸಿಸುವವರು, ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಳ್ಳುವವರು ತಯಾರಿಕೆಯ ವರ್ಷವನ್ನು ಕೇಳಿ ತಿಳಿಯಬೇಕು, ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡಬೇಕು, ಸಾಧ್ಯವಾದರೆ ರಬ್ಬರಿನ ಅಟ್ಟೆಯನ್ನೇ ಆರಿಸಬೇಕು. ಬಳಕೆಯ ಬಳಿಕ ಮಣ್ಣನ್ನು ತೊಳೆದು, ಒಳಗೆ ಪತ್ರಿಕೆಯ ಹಾಳೆ ತುರುಕಿ, ಒಲೆಯ ಬಳಿಯಲ್ಲೂ ಬಿಸಿಲಿನಲ್ಲೂ ಇಡದೆ ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು.

ಒಬ್ಬರು: ಅಟ್ಟೆಯ ವಿಷಯದಲ್ಲಿ ನೋಡಬೇಕಾದ್ದು ಇಷ್ಟೆಯೇ?

ಇನ್ನೊಬ್ಬರು: ಅದರ ಒಳಗೆ ಶ್ಯಾಂಕ್ ಇದೆಯೇ ಎಂದೂ ನೋಡಬೇಕು. ಶ್ಯಾಂಕ್ ಎಂದರೆ ಪಾದದ ಕಮಾನಿನ ಕೆಳಗೆ ಹುದುಗಿಸಿದ ಉಕ್ಕಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ. ಸವಾರನ ಪೂರ್ಣ ತೂಕ ಫುಟ್‌ಪೆಗ್‌ನ ಕೆಲವೇ ಸೆಂಟಿಮೀಟರ್ ಅಗಲದ ಮೇಲೆ ನಿಂತಾಗ ಅದನ್ನು ಇಡೀ ಪಾದಕ್ಕೆ ಹಂಚುವುದು ಇದರ ಕೆಲಸ. ಲಿಸ್‌ಫ್ರಾಂಕ್ ಹೆಸರಿನ ಆ ಗಾಯಕ್ಕೆ ಎದುರಾಗಿ ನಿಲ್ಲುವುದೂ ಇದೇ ಪಟ್ಟಿ. ಬಕಲ್‌ಗಳು ಬಿಡಿಬಿಡಿಯಾಗಿ ಸಿಗುವಂತಿರಬೇಕು, ಒಡೆಯುವ ಭಾಗ ಮೊದಲು ಅದೇ.

ಅಳತೆಯನ್ನು ಸಂಜೆ ನೋಡಬೇಕು, ಏಕೆಂದರೆ ದಿನವಿಡೀ ಓಡಾಡಿದ ಪಾದ ಆಗ ಕೊಂಚ ಊದಿರುತ್ತದೆ. ಸವಾರಿಯ ದಪ್ಪ ಕಾಲುಚೀಲ ತೊಟ್ಟು, ಎಲ್ಲ ಬಕಲ್ ಬಿಗಿದು ನಿಂತಾಗ ಬೆರಳು ಮುಂದಕ್ಕೆ ತಾಗಬಾರದು, ನಡೆದಾಗ ಹಿಮ್ಮಡಿ ಮೇಲೇಳಬಾರದು. ಇಟಲಿಯ ಬೂಟುಗಳಲ್ಲಿ ಹಲವು ಕಿರಿದಾದ ಅಚ್ಚಿನವು. ಅಗಲ ಪಾದದವರು ಉದ್ದದ ಅಳತೆ ಹೆಚ್ಚಿಸಿ ಸಮಾಧಾನಪಟ್ಟುಕೊಂಡರೆ ತಿರುಗಣಿ ಹರಡಿನ ಕೆಳಗೋ ಮುಂದೋ ಸರಿದು, ಕೊಟ್ಟ ಹಣವೆಲ್ಲ ವ್ಯರ್ಥವಾಗುತ್ತದೆ.

ಒಬ್ಬರು: ಇಟಲಿಯ ಹೆಸರುಗಳೇ ಏಕೆ ಮತ್ತೆ ಮತ್ತೆ ಕೇಳಿಬರುತ್ತವೆ?

ಇನ್ನೊಬ್ಬರು: ವೆನಿಸ್‌ನ ಉತ್ತರಕ್ಕಿರುವ ಮೊಂಟೆಬೆಲ್ಲೂನಾದ ಸುತ್ತಲಿನ ಹಳ್ಳಿಗಳಲ್ಲಿ ಬೆಟ್ಟ ಹತ್ತುವ ಬೂಟು ಹೊಲಿಯುವ ಕಸುಬು ಹಿಂದಿನಿಂದ ಬಂದಿತ್ತು, ಮುಂದೆ ಅಲ್ಲಿಯ ಕುಶಲಕರ್ಮಿಗಳು ಅದೇ ಕೈಚಳಕವನ್ನು ಮೋಟಾರ್‌ಸೈಕಲ್‌ಗೆ ತಿರುಗಿಸಿದರು. ಡೀನೋ ಸಿಗ್ನೋರಿ ಅವರ ಸಿಡಿ ಸಂಸ್ಥೆ 1960ರಲ್ಲಿ, ಸಾಂಟೆ ಮಝಾರೋಲೋ ಅವರ ಆಲ್ಪೈನ್‌ಸ್ಟಾರ್ಸ್ 1963ರಲ್ಲಿ ಹುಟ್ಟಿದ್ದು ಆ ಕಸುಬಿನಿಂದಲೇ. 500 ಸಿಸಿ ಮೋಟೋಕ್ರಾಸ್‌ನ ವಿಶ್ವ ಪ್ರಶಸ್ತಿಯನ್ನು 1971ರಿಂದ 1976ರ ನಡುವೆ ಐದು ಬಾರಿ ಗೆದ್ದ ಬೆಲ್ಜಿಯಂನ ರೋಜರ್ ಡಿ ಕೋಸ್ಟರ್ ಮಝಾರೋಲೋ ಅವರ ಬೂಟುಗಳನ್ನು ತೊಟ್ಟು ಅವಕ್ಕೆ ಲೋಕಮಾನ್ಯತೆ ತಂದರು. ಕಸುಬು ಗೊತ್ತಿದ್ದವರೂ ಬೀಳುವುದು ಗೊತ್ತಿದ್ದವರೂ ಒಂದೆಡೆ ಕಲೆತಾಗ ವಸ್ತು ಸುಧಾರಿಸುತ್ತದೆ. ಭಾರತದ ಪಾದರಕ್ಷೆ ಉದ್ಯಮಕ್ಕೂ ಇದು ಅಸಾಧ್ಯವಾದುದಲ್ಲ.

ಒಬ್ಬರು: ಕೊನೆಯದಾಗಿ ಹಣದ ಮಾತು. ಆಮದಾದ ಉತ್ತಮ ಬೂಟಿನ ಬೆಲೆ ಬಹುಮಂದಿಗೆ ಎಟುಕುವಂಥದ್ದಲ್ಲ. ಎಲ್ಲಿ ಬಿಟ್ಟುಕೊಡಬಹುದು, ಎಲ್ಲಿ ಬಿಟ್ಟುಕೊಡಬಾರದು?

ಇನ್ನೊಬ್ಬರು: ಹೆಸರು, ಬಣ್ಣ, ನೀರಿನ ಪೊರೆ, ಹಗುರತನ ಇವನ್ನೆಲ್ಲ ಬಿಟ್ಟುಕೊಡಬಹುದು. ತಿರುಗಣಿ, ಕಣಕಾಲಿನ ಗಟ್ಟಿ ಫಲಕ, ಶ್ಯಾಂಕ್, ನಾಲ್ಕನೆಯ ಅಂಕಿಯ 2 ಇವನ್ನು ಬಿಟ್ಟುಕೊಡಬಾರದು. ಒಂದೇ ಬೆಲೆಗೆ ಪೊರೆಯುಳ್ಳ ಮೆದು ಅಡ್ವೆಂಚರ್ ಬೂಟೂ ಪೊರೆಯಿಲ್ಲದ, ಆರಂಭಿಕ ದರ್ಜೆಯ ಮೋಟೋಕ್ರಾಸ್ ಬೂಟೂ ಸಿಗುವುದಾದರೆ ಕಲ್ಲುದಾರಿಯ ಸವಾರ ಎರಡನೆಯದನ್ನೇ ಕೊಳ್ಳಬೇಕು. ಒದ್ದೆ ಕಾಲು ಮರುದಿನ ಒಣಗುತ್ತದೆ. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ತಲೆಯ ರಕ್ಷಣೆಯನ್ನು ಕಡ್ಡಾಯ ಮಾಡಿದೆ, ಕಾಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ, ಆದ್ದರಿಂದ ಈ ಹೊಣೆ ಸವಾರನ ಮೇಲೂ ಅವನನ್ನು ಕಚ್ಚಾ ದಾರಿಗೆ ಕರೆದೊಯ್ಯುವವರ ಮೇಲೂ ಬೀಳುತ್ತದೆ. ಸಾಹಸ ಪ್ರವಾಸಗಳನ್ನು ಏರ್ಪಡಿಸುವವರೂ ಬೈಕುಗಳನ್ನು ಬಾಡಿಗೆಗೆ ಕೊಡುವವರೂ ಹೆಲ್ಮೆಟ್ಟಿನ ಜೊತೆಗೆ ಎಲ್ಲ ಸಾಮಾನ್ಯ ಅಳತೆಗಳ ಕೆಲವು ಜೋಡಿ ಬೂಟುಗಳನ್ನೂ ಬಾಡಿಗೆಗೆ ಇಡಬೇಕು, ಬೂಟಿಲ್ಲದವರನ್ನು ದಾರಿಗೆ ಬಿಡಬಾರದು.